ವಿದ್ಯಾರ್ಥಿಯ ಅನ್ನವೂ ತಂದೆಯ ಋಣವೂ
(ಗೋಕಾವಿ, ಮೂಡಲಗಿ, ಹುಕ್ಕೇರಿ ಸೀಮೆಯನ್ನು ಲಕ್ಷ್ಯದಲ್ಲಿಟ್ಟು ಮಾಡಿದ ವಿಚಾರ)

ನಮ್ಮ ನಾಡಿನ ವಿದ್ಯೆಯ ಚರಿತ್ರೆಯನ್ನು ಬರೆದ ವಿದ್ವಾಂಸರು ಗುರುಗಳ ಹೆಸರುಗಳನ್ನೂ, ಅವರು ಪಾಠ ಹೇಳಿದ ಶಾಸ್ತ್ರಗಳನ್ನೂ, ಶಾಲೆಗಳಿಗೆ ಬಿಟ್ಟ ಭೂಮಿಯ ಲೆಕ್ಕವನ್ನೂ ಬಹು ಶ್ರಮದಿಂದ ಸಂಗ್ರಹಿಸಿದ್ದಾರೆ. ಆದರೆ ಓದುವ ಬಾಲಕನು ಮಧ್ಯಾಹ್ನದಲ್ಲಿ ಎಲ್ಲಿ ಉಂಡನು, ಅವನಿಗೆ ಯಾರು ಬಡಿಸಿದರು, ಬಡಿಸದೆ ಕಳುಹಿಸಿದ್ದರೆ ಏನು ಕಾರಣ ಎಂಬ ಪ್ರಶ್ನೆಯು ಬದಿಗೆ ಉಳಿದಿದೆ. ಇದು ಅಲ್ಪವಿಷಯವೆಂದು ತೋರಬಹುದು. ಆದರೂ ಊಟವಿಲ್ಲದೆ ಪಾಠವು ನಿಂತುಹೋದ ನಿದರ್ಶನಗಳು ಗುರುವಿಲ್ಲದೆ ನಿಂತುಹೋದವುಗಳಿಗಿಂತ ಕಡಿಮೆಯಲ್ಲವೆಂದು ನನ್ನ ನಂಬಿಕೆ. ತಾಯಿತಂದೆಗಳು ಹಣ ಕೊಡಲಾರದುದಕ್ಕಾಗಿ ಮಕ್ಕಳಿಗೆ ಊಟವನ್ನು ನಿರಾಕರಿಸುವುದು ನಮ್ಮ ಪರಂಪರೆಗೆ ಸಮ್ಮತವೆ, ಅಲ್ಲವಾದರೆ ಆ ವಾಡಿಕೆಯು ಎಲ್ಲಿಂದ ಬಂದಿತು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶವು.

ಪರಿಶೀಲನೆಗೆ ಬೆಳಗಾವಿ ಜಿಲ್ಲೆಯ ಮೂರು ತಾಲೂಕುಗಳನ್ನು ಮುಖ್ಯವಾಗಿ ಇಟ್ಟುಕೊಂಡಿದ್ದೇನೆ. ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳು ಹರಿಯುವ ಈ ಸೀಮೆಯಲ್ಲಿ ಕಬ್ಬಿನ ತೋಟಗಳೂ ಮಳೆಯನ್ನೇ ನೋಡುವ ಎರೆಹೊಲಗಳೂ ಒಂದರ ಪಕ್ಕದಲ್ಲೊಂದು ಇವೆ. ಮೂಡಲಗಿಯು ಈಚಿನವರೆಗೆ ಗೋಕಾವಿ ತಾಲೂಕಿಗೆ ಸೇರಿದ್ದು ಈಗ ಪ್ರತ್ಯೇಕವಾದ ತಾಲೂಕಾಗಿದೆ. ಈ ಮೂರೂ ಇಂದು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯಲ್ಲಿ ಸೇರಿವೆ. ಇಲ್ಲಿಯ ಸಾಕ್ಷ್ಯ ಸಾಲದೆಡೆಯಲ್ಲಿ ನೆರೆಯ ಸೀಮೆಗಳ ಸಾಕ್ಷ್ಯವನ್ನು ತೆಗೆದುಕೊಂಡಿದ್ದೇನೆ.

೧. ಶ್ರುತಿಸ್ಮೃತಿಗಳ ಅಭಿಪ್ರಾಯ

ಓದುವವನಿಗೆ ಅನ್ನವನ್ನು ನಿರಾಕರಿಸಿದ ಪ್ರಸಂಗವೊಂದು ಛಾಂದೋಗ್ಯೋಪನಿಷತ್ತಿನ ನಾಲ್ಕನೆಯ ಅಧ್ಯಾಯದಲ್ಲಿಯೇ ಇದೆ. ಶೌನಕ ಕಾಪೇಯ ಮತ್ತು ಅಭಿಪ್ರತಾರಿ ಕಾಕ್ಷಸೇನಿ ಎಂಬ ಇಬ್ಬರು ಊಟಕ್ಕೆ ಕುಳಿತು ಬಡಿಸಿಕೊಳ್ಳುತ್ತಿರುವಾಗ ಒಬ್ಬ ಬ್ರಹ್ಮಚಾರಿಯು ಬಂದು ಭಿಕ್ಷೆಯನ್ನು ಬೇಡಿದನು. ಅವರು ಕೊಡಲಿಲ್ಲ. ಆಗ ಅವನು, ನಾಲ್ಕು ಮಹಾತತ್ತ್ವಗಳನ್ನು ನುಂಗುವ ಒಬ್ಬ ದೇವನನ್ನು ಕುರಿತು ಒಗಟಿನಂಥ ಮಾತನ್ನಾಡಿ, ಈ ಅನ್ನವು ಯಾರಿಗೆ ಸಲ್ಲತಕ್ಕದ್ದೋ ಅವನಿಗೇ ಇದನ್ನು ಕೊಡಲಾಗಿಲ್ಲವೆಂದು ಹೇಳಿದನು. ಅವರು ಆ ಮಾತಿನ ಅರ್ಥವನ್ನು ವಿಚಾರಮಾಡಿ ಕೊನೆಗೆ ಅನ್ನವನ್ನು ಕೊಟ್ಟರು. ಭಾಷ್ಯಕಾರರು ಈ ಭಾಗವನ್ನು ಸಂವರ್ಗವಿದ್ಯೆಯ ದೃಷ್ಟಿಯಿಂದ ವಿವರಿಸುತ್ತಾರೆ. ನಮ್ಮ ಪ್ರಕೃತವಿಷಯಕ್ಕೆ ಬೇಕಾದುದಿಷ್ಟೆ: ಅಲ್ಲಿ ಬೇಡುವವನು ದೈನ್ಯದಿಂದ ಬೇಡುತ್ತಿಲ್ಲ, ಅನ್ನವು ಇಟ್ಟುಕೊಂಡವನದಲ್ಲವೆಂದು ವಾದಿಸುತ್ತಿದ್ದಾನೆ.

ಅದೇ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕನು ತನ್ನ ಮಗನಾದ ಶ್ವೇತಕೇತುವಿಗೆ ಹದಿನೈದು ದಿನಗಳವರೆಗೆ ಉಣ್ಣದೆ ನೀರನ್ನು ಮಾತ್ರ ಕುಡಿದಿರಲು ಹೇಳುತ್ತಾನೆ. ಆ ಮೇಲೆ ಋಗ್ಯಜುಸ್ಸಾಮಗಳನ್ನು ಹೇಳೆಂದರೆ ಹನ್ನೆರಡು ವರ್ಷ ಓದಿ ಬಂದ ಆ ಮಗನಿಗೆ ಒಂದೂ ತೋಚುವುದಿಲ್ಲ. ಉಂಡು ಬಂದ ಬಳಿಕ ಕೇಳಿದುದಕ್ಕೆಲ್ಲ ಉತ್ತರ ಕೊಡುತ್ತಾನೆ. ಮನಸ್ಸು ಅನ್ನಮಯವೆಂಬ ಸಿದ್ಧಾಂತಕ್ಕೆ ಇದು ದೃಷ್ಟಾಂತ. ಹಸಿದ ಮಗುವಿಗೆ ಪಾಠವು ಹತ್ತುವುದಿಲ್ಲವೆಂದು ಈ ಕಾಲದ ವೈದ್ಯರೂ ಶಿಕ್ಷಣಶಾಸ್ತ್ರಜ್ಞರೂ ಪರೀಕ್ಷೆಗಳಿಂದ ಹೇಳುತ್ತಿರುವುದನ್ನು ಆ ತಂದೆಯು ಮಗನ ಮೇಲೆಯೇ ಪ್ರಯೋಗಿಸಿ ತೋರಿಸಿದನು.

ಇನ್ನು ಸ್ಮೃತಿಗಳಲ್ಲಿ ಭಿಕ್ಷೆಯು ಬ್ರಹ್ಮಚಾರಿಗೆ ಧರ್ಮ, ಕೊಡುವುದು ಗೃಹಸ್ಥನಿಗೆ ಕರ್ತವ್ಯ. ಬ್ರಹ್ಮಚಾರಿಗೆ ಇಲ್ಲವೆಂದು ಹೇಳಿದ ಸ್ತ್ರೀಯರ ಇಷ್ಟಿ, ದಾನ, ಹೋಮಗಳ ಫಲವನ್ನೂ ಸಂತಾನ ಪಶುಗಳನ್ನೂ ಅವನು ಕೊಂಡೊಯ್ಯುತ್ತಾನೆ, ಆದುದರಿಂದ ಗುಂಪಾಗಿ ಬಂದ ಬ್ರಹ್ಮಚಾರಿಗಳನ್ನು ಹಿಂದಕ್ಕೆ ಕಳುಹಿಸಬಾರದು ಎಂದು ಆಪಸ್ತಂಬ ಧರ್ಮಸೂತ್ರವು ಎಚ್ಚರಿಸುತ್ತದೆ. ಬಾಗಿಲಲ್ಲಿ ಬಂದವನಿಗೆ ಬಡಿಸುವುದೋ ಬಿಡುವುದೋ ಎಂಬುದು ಗೃಹಿಣಿಯ ಕೈಯಲ್ಲಿದ್ದುದರಿಂದಲೇ ಸೂತ್ರಕಾರನು ಅವಳನ್ನು ಹೆಸರಿಸಿ ಹೇಳಿದನೆಂದು ತೋರುತ್ತದೆ. ಮನುಸ್ಮೃತಿಯಲ್ಲಿ ಬ್ರಹ್ಮಚಾರಿಯು ಯಾವಾಗಲೂ ಒಂದೇ ಮನೆಯ ಅನ್ನವನ್ನು ಉಣ್ಣಬಾರದೆಂಬ ನಿಯಮವಿದೆ. ಭಾರವು ಒಬ್ಬರ ಮೇಲೆಯೇ ಬೀಳದೆ ಊರೆಲ್ಲ ಹಂಚಿಹೋಗುವುದಕ್ಕೆ ಈ ನಿಯಮವು ಸಾಧನವಾಯಿತು. ನಮ್ಮ ಕಡೆಯ ವಾರಾನ್ನ ಪದ್ಧತಿಗೆ ಇದೇ ಬೀಜವೆಂದು ನಾನು ಊಹಿಸುತ್ತೇನೆ. ಈ ಎಲ್ಲ ವಾಕ್ಯಗಳಲ್ಲಿ ಅನ್ನಕ್ಕೆ ಬೆಲೆಯ ಮಾತೇ ಬಂದಿಲ್ಲ. ಆದರೆ ಯಾರ ಮನೆಯ ಬಾಗಿಲಿಗೆ ಹೋಗಬೇಕು, ಯಾರ ಬಾಗಿಲಿಗೆ ಹೋಗಬಾರದು ಎಂಬ ವಿವರವು ಬೇಕಾದಷ್ಟಿದೆ. ಅಂದರೆ ಇಲ್ಲಿ ತಡೆಯು ಹಣದ್ದಲ್ಲ, ಕುಲದ್ದು. ಇದನ್ನು ಮರೆಮಾಚುವುದು ಸಂಶೋಧಕನಿಗೆ ಸಲ್ಲದು.

೨. ಶಾಸನಗಳ ಸಾಕ್ಷ್ಯ

ಭಿಕ್ಷೆಯು ದಿನದಿನದ ವ್ಯವಸ್ಥೆ, ದತ್ತಿಯು ಶಾಶ್ವತವಾದುದು. ಬಿಜಾಪುರ ಸೀಮೆಯ ಸಾಲೋಟಗಿಯಲ್ಲಿ ದೊರೆತ ಕ್ರಿ. ಶ. ೯೪೫ರ ಶಾಸನವು ಈ ವಿಷಯದಲ್ಲಿ ಅಮೂಲ್ಯವಾದುದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ಕಟ್ಟಿಸಿದ ಶಾಲೆಗೆ ನಾನಾ ದೇಶಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ವಾಸಕ್ಕೆ ೨೭ ಮನೆಗಳೂ, ನಿರ್ವಾಹಕ್ಕೆ ೫೦೦ ನಿವರ್ತನ ಭೂಮಿಯೂ, ದೀಪಕ್ಕೆ ೧೨ ನಿವರ್ತನಗಳೂ ಇದ್ದುವು. ಇಷ್ಟರಲ್ಲಿಯೇ ತೃಪ್ತರಾಗದೆ ಊರವರು ತಮ್ಮ ಮೇಲೆ ಒಂದು ಕಟ್ಟಳೆಯನ್ನು ಹಾಕಿಕೊಂಡರು. ಮದುವೆಯಾದರೆ ಶಾಲೆಗೆ ಇಷ್ಟು ಹಣ, ಉಪನಯನವಾದರೆ ಅದರ ಅರ್ಧ, ಚೌಲವಾದರೆ ಅದಕ್ಕೂ ಕಡಿಮೆ. ಊರಲ್ಲಿ ಬ್ರಾಹ್ಮಣಭೋಜನವಾದರೆ ಶಾಲೆಯವರಿಗೂ ಯಥಾಶಕ್ತಿ ಊಟ. ಇಲ್ಲಿ ಗಮನಿಸತಕ್ಕ ವಿಶೇಷವೇನೆಂದರೆ, ವಿದ್ಯಾರ್ಥಿಯ ಅನ್ನದ ವೆಚ್ಚವು ವಿದ್ಯಾರ್ಥಿಯ ತಂದೆಯ ಮೇಲೆ ಬೀಳದೆ, ತಮ್ಮ ಮನೆಗಳಲ್ಲಿ ಶುಭಕಾರ್ಯ ಮಾಡುವ ಊರವರ ಮೇಲೆ ಬಿದ್ದಿದೆ.

ಕಲಬುರ್ಗಿ ಸೀಮೆಯ ನಾಗಾವಿಯ ಘಟಿಕಾಸ್ಥಾನವು (ಕ್ರಿ. ಶ. ೧೦೫೮) ಇನ್ನೂರು ವೇದವಿದ್ಯಾರ್ಥಿಗಳಿಗೆ ಆಶ್ರಯವಾಗಿತ್ತು. ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ ೧೧೬೨ರ ಶಾಸನವು ವೇದ, ವ್ಯಾಕರಣ, ದರ್ಶನಗಳ ವ್ಯಾಖ್ಯಾನಸ್ಥಾನವನ್ನು ಹೇಳಿದ ಉಸಿರಿನಲ್ಲಿಯೇ ದೀನಾನಾಥರಿಗೆ, ಕುಂಟಕುರುಡರಿಗೆ ಅನ್ನ ದೊರೆಯುವ ಸ್ಥಾನವನ್ನೂ, ರೋಗಿಗಳಿಗೆ ಚಿಕಿತ್ಸೆಯಾಗುವ ಸ್ಥಾನವನ್ನೂ ಹೇಳುತ್ತದೆ.

ನಮ್ಮ ಸೀಮೆಗೆ ಬಂದರೆ, ರಟ್ಟರ ಕಾಲದಲ್ಲಿ ಗೋಕಾವಿಯ ಸುತ್ತಮುತ್ತ ಜೈನಬಸದಿಗಳು ಪ್ರಬಲವಾಗಿದ್ದುವು. ಕೊಣ್ಣೂರಿನ ೧೦೮೭ರ ಶಾಸನವೂ, ರಟ್ಟ ನಾಲ್ಕನೆಯ ಕಾರ್ತವೀರ್ಯನ ಕಾಲದ ಕಲ್ಲೋಳಿಯ ೧೨೦೪ರ ಶಾಸನವೂ ಇದಕ್ಕೆ ಸಾಕ್ಷಿ. ಆ ಧರ್ಮವು ಒಪ್ಪಿದ ಚತುರ್ವಿಧ ದಾನಗಳು ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬವು. ಅನ್ನವನ್ನೂ ವಿದ್ಯೆಯನ್ನೂ ಒಂದೇ ಪಂಕ್ತಿಯಲ್ಲಿ ಎಣಿಸಿದ ಈ ವಿಭಾಗವು ವಿಚಾರಾರ್ಹವಾಗಿದೆ. ಅದೇ ಹನ್ನೆರಡನೆಯ ಶತಮಾನದಲ್ಲಿ ಶರಣರು ದಾಸೋಹವೆಂಬ ಶಬ್ದಕ್ಕೆ ಹೊಸ ಚೈತನ್ಯವನ್ನು ಕೊಟ್ಟರು. ನಾನು ದಾಸನೆಂಬ ಭಾವವೇ ಈ ಶಬ್ದದ ಮೂಲವಾದುದರಿಂದ, ಬಡಿಸುವವನು ಉಣ್ಣುವವನಿಗೆ ಋಣಿಯಾಗುತ್ತಾನೆ, ಉಣ್ಣುವವನು ಬಡಿಸುವವನಿಗಲ್ಲ. ಈ ಮಾತನ್ನು ಮುಂದೆ ಮತ್ತೆ ನೆನೆಯಬೇಕಾಗುವುದು.

೩. ವಾರಾನ್ನ

ಹಿಂದಿನ ಗಾಂವಠಿ ಶಾಲೆಯು ಊರಲ್ಲಿಯೇ ಇದ್ದುದರಿಂದ ಹುಡುಗನು ಮಧ್ಯಾಹ್ನಕ್ಕೆ ಮನೆಗೆ ಹೋಗಿ ರೊಟ್ಟಿ ತಿಂದು ಬರುತ್ತಿದ್ದನು. ಮನೆಯಲ್ಲಿ ಇದ್ದರೆ ಉಂಡನು, ಇಲ್ಲದಿದ್ದರೆ ಹಸಿದನು. ಶಾಲೆಗೆ ಅದರ ಸಂಬಂಧವಿರಲಿಲ್ಲ. ಸರಕಾರಿ ಶಾಲೆಗಳು ಹುಟ್ಟಿ, ಮುಲ್ಕಿ ಪರೀಕ್ಷೆಗೂ ಮುಂದಿನ ಇಂಗ್ಲಿಷ್ ಶಾಲೆಗೂ ಪಟ್ಟಣಕ್ಕೆ ಹೋಗಬೇಕಾದಾಗ ಅನ್ನದ ಪ್ರಶ್ನೆ ಹುಟ್ಟಿತು. ಗೋಕಾವಿಯ ಹತ್ತಿರದ ಮಮದಾಪುರದಲ್ಲಿ ೧೮೯೯ರಲ್ಲಿ ಹುಟ್ಟಿ ಕೇಂಬ್ರಿಜ್ಜಿನವರೆಗೆ ಹೋಗಿ ಗಣಿತವನ್ನು ಓದಿದ ಡಿ. ಸಿ. ಪಾವಟೆಯವರ ಪೀಳಿಗೆಯಲ್ಲಿ ಓದೆಂದರೆ ಊರು ಬಿಡುವುದೆಂದೇ ಅರ್ಥವಾಗಿತ್ತು.

ಊರು ಬಿಟ್ಟ ಬಡ ಬ್ರಾಹ್ಮಣ ಬಾಲಕನಿಗೆ ಉಳಿದ ದಾರಿ ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಅವನು ಓದುತ್ತಿದ್ದನು. ಏಳೂ ದೊರೆತವನು ಭಾಗ್ಯವಂತನು. ಐದೇ ದೊರೆತರೆ ಎರಡು ದಿನ ಉಪವಾಸ ಅಥವಾ ಅವಲಕ್ಕಿ. ಈ ಪದ್ಧತಿಯಿಂದ ವಿದ್ವಾಂಸರೂ ನ್ಯಾಯಾಧೀಶರೂ ಲೇಖಕರೂ ಹುಟ್ಟಿದ್ದಾರೆ, ಆದುದರಿಂದ ಅದನ್ನು ಹೊಗಳುವುದು ವಾಡಿಕೆಯಾಗಿದೆ. ಹೊಗಳಿಕೆಗೆ ಕಾರಣವುಂಟು. ಆದರೆ ಅದರ ಕ್ಲೇಶವನ್ನೂ ಹೇಳಬೇಕು. ವಾರದ ಹುಡುಗನು ನೀರು ಸೇದುವುದು, ಪೂಜೆಗೆ ಹೂ ತರುವುದು, ಮನೆಯ ಮಕ್ಕಳಿಗೆ ಪಾಠ ಹೇಳುವುದು ಮೊದಲಾದ ಕೆಲಸಗಳನ್ನು ಮಾಡುತ್ತಿದ್ದನು. ಮನೆಯಲ್ಲಿ ಸೂತಕ ಬಂದರೆ, ಯಜಮಾನನು ಪರಸ್ಥಳಕ್ಕೆ ಹೋದರೆ, ಗೃಹಿಣಿಗೆ ಬೇಸರವಾದರೆ ಅಂದಿನ ವಾರ ತಪ್ಪುತ್ತಿತ್ತು. ಹಣ ಕೇಳುವವರಿಲ್ಲದಿದ್ದರೂ ಮರ್ಜಿಯೆಂಬ ಒಂದು ಬೆಲೆ ಇದ್ದೇ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಈ ಬಾಗಿಲು ಒಂದೇ ಜಾತಿಯವರಿಗೆ ತೆರೆದಿತ್ತು. ಒಕ್ಕಲಿಗನ, ಕುರುಬರವನ, ಹೊಲೆಮಾದಿಗರ ಮಗನಿಗೆ ವಾರವನ್ನು ಕೇಳುವ ಕಲ್ಪನೆಯೇ ಬರುವಂತಿರಲಿಲ್ಲ.

೪. ಪ್ರಸಾದನಿಲಯಗಳ ಉದಯ

ಈ ಕೊರತೆಯನ್ನು ನೀಗಿಸಲು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಎರಡು ದಿಕ್ಕುಗಳಿಂದ ಪ್ರಯತ್ನ ನಡೆಯಿತು. ಹುಕ್ಕೇರಿಗೆ ನೆರೆಯಾದ ಕೊಲ್ಹಾಪುರ ಸಂಸ್ಥಾನದಲ್ಲಿ ಶಾಹೂ ಮಹಾರಾಜರು ೧೯೦೧ರಿಂದ ಮೊದಲುಮಾಡಿ ಮರಾಠರಿಗೆ, ಜೈನರಿಗೆ, ಲಿಂಗಾಯತರಿಗೆ, ಅಸ್ಪೃಶ್ಯರೆನಿಸಿದವರಿಗೆ ಬೇರೆಬೇರೆ ವಸತಿಗೃಹಗಳಿಗೆ ಆಶ್ರಯವಿತ್ತರು. ಕನ್ನಡ ನಾಡಿನಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ೧೯೦೯ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಅವರ ಪ್ರೇರಣೆಯಿಂದ ಮಠಗಳು ವಿದ್ಯಾರ್ಥಿಗಳ ಕಡೆಗೆ ತಿರುಗಿದುವು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಸ್ವಾಮಿಗಳು ಜೋಳಿಗೆ ಹಿಡಿದು ಧಾನ್ಯ ಕೂಡಿಸಿ ವಿದ್ಯಾರ್ಥಿಗಳನ್ನು ಸಲಹಿದರು. ಬೆಳಗಾವಿಯಲ್ಲಿ ೧೯೧೬ರಲ್ಲಿ ಏಳು ಮಂದಿ ಶಿಕ್ಷಕರು ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು ಕಟ್ಟಿ ಪಾಠದ ಬಾಗಿಲನ್ನು ತೆರೆದರು. ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು ಅದೇ ಪಟ್ಟಣದಲ್ಲಿ ೧೯೩೨ರಲ್ಲಿ ಉಚಿತ ಪ್ರಸಾದನಿಲಯವನ್ನು ಆರಂಭಿಸಿ ಅನ್ನದ ಬಾಗಿಲನ್ನು ತೆರೆದರು. ಗೋಕಾವಿ, ಹುಕ್ಕೇರಿ ಸೀಮೆಯಿಂದ ಬೆಳಗಾವಿಗೆ ಓದಲು ಹೋಗುವ ಒಕ್ಕಲುಮಕ್ಕಳಿಗೆ ಈ ಎರಡೂ ಬೇಕಾಗಿದ್ದುವು. ನಮ್ಮ ಸೀಮೆಯೊಳಗೇ ನಿಡಸೋಸಿಯ ದುರದುಂಡೀಶ್ವರ ಮಠ, ಅಂಕಲಗಿಯ ಅಡವಿಸಿದ್ಧೇಶ್ವರ ಮಠ, ಮೂಡಲಗಿಯ ಶಿವಬೋಧರಂಗ ಮಠ ಮೊದಲಾದವು ಜನರ ಭಕ್ತಿಗೆ ಪಾತ್ರವಾಗಿ ನಿಂತಿವೆ. ದಲಿತ ವಿದ್ಯಾರ್ಥಿಗಳಿಗಾಗಿ ಡಾ. ಅಂಬೇಡಕರರು ೧೯೨೮ರ ಸುಮಾರಿಗೆ ಕೈಕೊಂಡ ವಸತಿಗೃಹಗಳ ಯೋಜನೆಯಲ್ಲಿ ಧಾರವಾಡವೂ ಸೇರಿತ್ತು.

ಪ್ರಸಾದನಿಲಯವೆಂಬ ಶಬ್ದವನ್ನು ನೋಡಿರಿ. ಪ್ರಸಾದಕ್ಕೆ ಬೆಲೆ ಕಟ್ಟಲಾಗದು, ಪ್ರಸಾದವನ್ನು ಬಾಕಿಯೆಂದು ಬರೆಯಲಾಗದು. ಜೋಳಿಗೆಯಲ್ಲಿ ಬಂದ ಧಾನ್ಯವು ಯಾರ ಮನೆಯದೆಂಬ ಗುರುತು ಅಳಿದು ಒಂದಾಗುತ್ತಿದ್ದುದರಿಂದ, ಉಣ್ಣುವ ಹುಡುಗನು ಯಾವ ಒಬ್ಬ ಯಜಮಾನನ ಮರ್ಜಿಯನ್ನೂ ಕಾಯಬೇಕಾಗಿರಲಿಲ್ಲ. ವಾರಾನ್ನಕ್ಕಿಂತ ಇದು ಮೇಲಾದ ವ್ಯವಸ್ಥೆಯೆಂಬುದರಲ್ಲಿ ಸಂಶಯವಿಲ್ಲ. ಆದರೂ ನಿಲಯದಲ್ಲಿ ಸ್ಥಳವು ಪರಿಮಿತವಾಗಿತ್ತು, ಬಹುಕಾಲದವರೆಗೆ ಪಂಕ್ತಿಯೂ ಪರಿಮಿತವಾಗಿತ್ತು.

೫. ಊಟದ ಬಾಕಿ

ಹಾಗಾದರೆ ಹಣವಿಲ್ಲದುದಕ್ಕೆ ಊಟವಿಲ್ಲವೆಂಬ ಮಾತು ಎಲ್ಲಿಂದ ಬಂದಿತು? ದಾನದಿಂದ ನಡೆಯದೆ, ವಿದ್ಯಾರ್ಥಿಗಳಿಂದಲೇ ಧಾನ್ಯವನ್ನೂ ಶುಲ್ಕವನ್ನೂ ಪಡೆದು ನಡೆಯುವ ವಸತಿಗೃಹಗಳಿಂದ ಬಂದಿತೆಂದು ನನ್ನ ಅಭಿಪ್ರಾಯ. ಇಂಥ ಗೃಹಗಳು ಅವಶ್ಯವಾಗಿದ್ದುವು, ಅವನ್ನು ನಡೆಸಿದವರು ದುಷ್ಟರೂ ಅಲ್ಲ. ಆದರೆ ಅನ್ನವು ಲೆಕ್ಕದ ವಹಿಗೆ ಏರಿದೊಡನೆ ಬಾಕಿಯೆಂಬ ಶಬ್ದವೂ ಏರುತ್ತದೆ.

ಇಲ್ಲಿ ನನ್ನ ಬಾಲ್ಯದ ಒಂದು ಸಂಗತಿಯನ್ನು ಹೇಳುವುದಕ್ಕೆ ವಾಚಕರು ಕ್ಷಮಿಸಬೇಕು. ನಲವತ್ತು ವರ್ಷಗಳಿಗೂ ಹಿಂದೆ ನಾನು ಒಂದು ಸಂಸ್ಕೃತ ಪಾಠಶಾಲೆಯಲ್ಲಿ ಶಬ್ದರೂಪಾವಳಿಯನ್ನೂ ಅಮರವನ್ನೂ ಕಲಿಯುತ್ತಿದ್ದೆನು. ಊಟವು ಹತ್ತಿರದ ವಸತಿಗೃಹದಲ್ಲಿ. ತಿಂಗಳಿಗೆ ಇಷ್ಟು ಜೋಳ, ಇಷ್ಟು ಬೇಳೆ, ಇಷ್ಟು ಹಣವೆಂದು ಗೊತ್ತುಮಾಡಿದ್ದರು. ಮಳೆಯಾಗದ ಒಂದು ವರ್ಷ ಘಟಪ್ರಭೆಯ ದಂಡೆಯ ಹಳ್ಳಿಯಿಂದ ಬಂದಿದ್ದ ನನ್ನ ಸಹಾಧ್ಯಾಯಿಯ ಮನೆಯಿಂದ ಎರಡು ತಿಂಗಳ ಧಾನ್ಯ ಬರಲಿಲ್ಲ. ಒಂದು ದಿನ ಎಲೆ ಹಾಕಿದ ಮೇಲೆ ವ್ಯವಸ್ಥಾಪಕರು ಬಾಕಿದಾರರ ಹೆಸರುಗಳನ್ನು ಓದಿದರು. ಅವನು ಎಲೆಯನ್ನು ಮಡಚಿಟ್ಟು ಎದ್ದುಹೋದನು. ಅವನ ಪಕ್ಕದಲ್ಲಿ ಕುಳಿತ ನಾನು ಉಂಡೆನು. ಆ ದಿನ ಮಧ್ಯಾಹ್ನ ಗುರುಗಳು ಅವನನ್ನು ಎಬ್ಬಿಸಿ, ಬೆಳಗಿನಲ್ಲಿ ಅವನೇ ನಿರರ್ಗಳವಾಗಿ ಹೇಳಿದ್ದ ಹರಿಶಬ್ದದ ರೂಪಗಳನ್ನು ಕೇಳಿದರು. ತೃತೀಯೆಯವರೆಗೆ ಬಂದು ನಿಂತನು. ಪಾಠವಿಲ್ಲವೆಂದು ಬೈಸಿಕೊಂಡನು. ಕಾರಣವನ್ನು ನಾನು ಬಲ್ಲವನಾಗಿದ್ದೂ ಹೇಳಲಿಲ್ಲ. ಮುಂದಿನ ಅಮಾವಾಸ್ಯೆಗೆ ಊರಿಗೆ ಹೋದವನು ಮರಳಿ ಬರಲಿಲ್ಲ. ಬಹು ವರ್ಷಗಳ ತರುವಾಯ ಛಾಂದೋಗ್ಯವನ್ನು ಪಾಠ ಹೇಳುವಾಗ ಶ್ವೇತಕೇತುವಿನ ಪ್ರಕರಣ ಬಂದ ಪ್ರತಿ ಸಲವೂ ನನಗೆ ಅವನ ನೆನಪಾಗುತ್ತದೆ. ಈ ಲೇಖನಕ್ಕೆ ಪ್ರೇರಣೆಯೂ ಅದೇ.

ಇಂಥ ವಾಡಿಕೆಯು ನಮ್ಮಲ್ಲಿ ಮಾತ್ರ ಇದ್ದುದಲ್ಲ. ಇಂಗ್ಲೆಂಡಿನಲ್ಲಿ ೧೮೮೦ರಲ್ಲಿ ಮಕ್ಕಳು ಶಾಲೆಗೆ ಬರುವುದನ್ನು ಕಡ್ಡಾಯಮಾಡಿದರು. ಬಂದ ಮಕ್ಕಳು ಹಸಿದಿರುವುದನ್ನು ಕಂಡು ೧೯೦೬ರಲ್ಲಿ ಶಾಲಾಭೋಜನದ ಕಾಯಿದೆಯನ್ನು ಮಾಡಿದರು. ಆ ಕಾಯಿದೆಯ ಪ್ರಕಾರ ಊಟದ ಹಣವನ್ನು ಶಕ್ತರಾದ ತಂದೆತಾಯಿಗಳಿಂದ ಕೇಳಬಹುದು. ಶಕ್ತನಾಗಿದ್ದೂ ಕೊಡದಿದ್ದರೆ ಸಿವಿಲ್ ಸಾಲದಂತೆ ಅವನಿಂದ ವಸೂಲುಮಾಡಬಹುದು. ಆದರೆ ಕೊಡಲಿಲ್ಲವೆಂದು ಅವನ ಮತದಾನದ ಹಕ್ಕನ್ನು ಕಸಿಯುವಂತಿಲ್ಲ. ಅಮೆರಿಕೆಯಲ್ಲಿ ೧೯೪೬ರ ರಾಷ್ಟ್ರೀಯ ಶಾಲಾಭೋಜನದ ಕಾಯಿದೆಯು ಕೊಡಲಾರದ ಮಕ್ಕಳನ್ನು ಬೇರೆ ಕೂಡಿಸುವುದನ್ನೂ ಭೇದಮಾಡುವುದನ್ನೂ ನಿಷೇಧಿಸಿತು. ಆದರೂ ಬಾಕಿ ಬೆಳೆದ ಮಕ್ಕಳ ಕೈಯಿಂದ ಬಿಸಿ ಊಟದ ತಟ್ಟೆಯನ್ನು ತೆಗೆದುಕೊಂಡು ತಣ್ಣನೆಯ ರೊಟ್ಟಿಯನ್ನು ಕೊಡುವ ಪದ್ಧತಿಯು ಅಲ್ಲಿಯ ಹಲವು ಶಾಲೆಗಳಲ್ಲಿ ಬೆಳೆಯಿತು. ಹೀಗೆ ಮಗುವನ್ನು ನಾಚಿಸಬಾರದೆಂದು ನ್ಯೂ ಮೆಕ್ಸಿಕೋ ರಾಜ್ಯವು ೨೦೧೭ರಲ್ಲಿ ಪ್ರತ್ಯೇಕವಾದ ಶಾಸನವನ್ನೇ ಮಾಡಬೇಕಾಯಿತು. ಧನಿಕ ದೇಶದಲ್ಲಿಯೂ ಎಲೆಯ ಮುಂದೆ ಹೆಸರು ಓದುವವರು ಇದ್ದರೆಂದಾಯಿತು.

೬. ಋಣವು ಯಾರದು?

ಈಗ ಧರ್ಮಶಾಸ್ತ್ರದ ವ್ಯವಹಾರಕಾಂಡವನ್ನು ಕೇಳೋಣ. ಮೇಲಿನ ಪ್ರಸಂಗದಲ್ಲಿ ವ್ಯವಸ್ಥಾಪಕರ ಪಕ್ಷದಿಂದ, ಉಂಡವನು ಹುಡುಗನಾದುದರಿಂದ ಬಾಕಿಯೂ ಅವನದೇ ಎಂದು ವಾದಿಸಬಹುದು. ಋಣಾದಾನವೆಂಬುದು ಅಷ್ಟಾದಶ ವ್ಯವಹಾರಪದಗಳಲ್ಲಿ ಮೊದಲನೆಯದು. ತಂದೆಯು ಸತ್ತರೆ, ಪರದೇಶಕ್ಕೆ ಹೋದರೆ, ವ್ಯಸನಗ್ರಸ್ತನಾದರೆ ಅವನ ಋಣವನ್ನು ಮಗನು ತೀರಿಸಬೇಕೆಂದು ಯಾಜ್ಞವಲ್ಕ್ಯನು ಹೇಳುತ್ತಾನೆ. ಆದರೆ ನಾರದನು ಇದಕ್ಕೆ ಒಂದು ಮೇರೆಯನ್ನು ಹಾಕಿದ್ದಾನೆ. ವ್ಯವಹಾರಪ್ರಾಪ್ತಿಯಾಗದ, ಎಂದರೆ ಹದಿನಾರು ವರ್ಷ ತುಂಬದ ಬಾಲಕನು, ತಂದೆಯಿಲ್ಲದೆ ಸ್ವತಂತ್ರನಾಗಿದ್ದರೂ ಋಣಭಾಗಿಯಾಗುವುದಿಲ್ಲವೆಂದು ಅವನ ನಿರ್ಣಯ. ತಂದೆಯನ್ನು ಕಳೆದುಕೊಂಡ ಬಾಲಕನ ಮೇಲೆಯೇ ಸಾಲದ ಭಾರವಿಲ್ಲವೆಂದ ಮೇಲೆ, ತಂದೆಯು ಜೀವಿಸಿರುವಾಗ ಅವನ ಬಾಕಿಗಾಗಿ ಬಾಲಕನನ್ನು ಹಿಡಿಯುವುದು ಹೇಗೆ ಯುಕ್ತವಾದೀತು? ಊಟವನ್ನು ತಡೆಯುವುದೆಂದರೆ ಸಾಲಗಾರನನ್ನು ಬಿಟ್ಟು ಅಸಾಲಗಾರನಿಂದ ವಸೂಲುಮಾಡುವುದು. ಅದೂ ಅವನ ಬುದ್ಧಿಯಿಂದ ವಸೂಲುಮಾಡುವುದು. ಇಂಗ್ಲಿಷರ ೧೯೦೬ರ ಕಾಯಿದೆಯು ವಸೂಲಿಯ ಭಾರವನ್ನು ತಂದೆಯ ಮೇಲೆ ಹೊರಿಸಿದುದು ನಾರದನ ಈ ನಿರ್ಣಯಕ್ಕೆ ಸಂವಾದಿಯಾಗಿದೆ. ಒಬ್ಬರು ಇನ್ನೊಬ್ಬರಿಂದ ಕಲಿತರೆಂದು ನಾನು ಹೇಳುತ್ತಿಲ್ಲ. ನ್ಯಾಯಬುದ್ಧಿಯು ಎರಡೆಡೆಯಲ್ಲಿಯೂ ಒಂದೇ ದಾರಿಯನ್ನು ಹಿಡಿದಿದೆ.

೭. ಬಿಸಿಯೂಟ

ನಮ್ಮ ದೇಶದಲ್ಲಿ ಸಾರ್ವಜನಿಕ ಧನದಿಂದ ಶಾಲೆಯಲ್ಲಿ ಉಣಿಸುವ ಕ್ರಮವನ್ನು ಮದ್ರಾಸಿನ ನಗರಸಭೆಯು ೧೯೨೦ರಲ್ಲಿ, ಪಿ. ತ್ಯಾಗರಾಯ ಚೆಟ್ಟಿಯವರ ಕಾಲದಲ್ಲಿ, ಸಾವಿರ ದೀಪಗಳ ಪೇಟೆಯ ಶಾಲೆಯಲ್ಲಿ ಮೊದಲುಮಾಡಿತು. ೧೯೫೬ರಲ್ಲಿ ಕಾಮರಾಜರು ಅದನ್ನು ವಿಸ್ತರಿಸಿದರು. ಮುಂಬಯಿ ಪ್ರಾಂತದಲ್ಲಿ ೧೯೧೮ರಲ್ಲಿಯೂ ೧೯೨೩ರಲ್ಲಿಯೂ ಆದ ಪ್ರಾಥಮಿಕ ಶಿಕ್ಷಣದ ಕಾಯಿದೆಗಳು ಶಾಲೆಗೆ ಬರುವ ಕಟ್ಟಳೆಯನ್ನು ಮಾತ್ರ ವಿಚಾರಿಸಿದುವು. ಧಾತು–ಈಶ್ವರ ಸಂವತ್ಸರಗಳ (೧೮೭೬–೭೮) ಘೋರ ಬರವನ್ನು ಕಂಡ ನಮ್ಮ ಬೆಳಗಾವಿ ಜಿಲ್ಲೆಗೆ ಹಸಿದ ಮಕ್ಕಳು ಹೊಸಬರಾಗಿರಲಿಲ್ಲ. ಆದರೂ ಬರಗಾಲದ ಗಂಜಿಯು ಬರದೊಡನೆ ಹೋಗುವಂಥದು. ೧೯೯೫ರ ಆಗಸ್ಟ್ ೧೫ರಂದು ಕೇಂದ್ರ ಸರಕಾರವು ಯೋಜನೆಯನ್ನು ಪ್ರಾರಂಭಿಸಿದಾಗಲೂ ಬಹುಕಡೆ ಮಕ್ಕಳಿಗೆ ದೊರೆತುದು ಬೇಯಿಸಿದ ಅನ್ನವಲ್ಲ; ತಿಂಗಳಿಗೆ ಮೂರು ಕಿಲೋ ಧಾನ್ಯ.

ಸರ್ವೋಚ್ಚ ನ್ಯಾಯಾಲಯವು ೨೦೦೧ರ ನವೆಂಬರ್ ೨೮ರಂದು ಕೊಟ್ಟ ಆಜ್ಞೆಯಿಂದ ಸ್ಥಿತಿಯು ಬದಲಾಯಿತು. ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ವರ್ಷಕ್ಕೆ ಕನಿಷ್ಠ ೨೦೦ ದಿನ ಬೇಯಿಸಿದ ಊಟವನ್ನು ಕೊಡಲೇಬೇಕೆಂದು ಅದು ವಿಧಿಸಿತು. ಕರ್ನಾಟಕವು ೨೦೦೨–೦೩ರಲ್ಲಿ ಏಳು ಜಿಲ್ಲೆಗಳಲ್ಲಿ ಆರಂಭಿಸಿ, ೨೦೦೩–೦೪ರಲ್ಲಿ ಬೆಳಗಾವಿಯೂ ಸೇರಿದಂತೆ ಉಳಿದ ಜಿಲ್ಲೆಗಳಿಗೆ ಹಬ್ಬಿಸಿತು. ಮುಂದೆ ಮೇಲಿನ ತರಗತಿಗಳೂ ಸೇರಿ ಹತ್ತನೆಯ ತರಗತಿಯವರೆಗೆ ಊಟ ಬಂದಿತು; ೨೦೧೩ರಿಂದ ಹಾಲೂ ಬಂದಿತು. ಸರಕಾರವು ಈ ಯೋಜನೆಗೆ ಅಕ್ಷರ ದಾಸೋಹವೆಂದು ಹೆಸರಿಟ್ಟಿತು. ಶರಣರ ಶಬ್ದವು ಆಡಳಿತದ ಕಡತಕ್ಕೆ ಬಂದುದು ಶುಭವೇ ಸರಿ, ಶಬ್ದದ ಅರ್ಥವನ್ನು ನಡೆಸುವವರು ನೆನಪಿಡಬೇಕಾದುದು ಮಾತ್ರ ಅವಶ್ಯ.

ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಮುಖ್ಯವಾದುದು ಅದೇ ನ್ಯಾಯಾಲಯದ ೨೦೦೪ರ ಏಪ್ರಿಲ್ ೨೦ರ ಆಜ್ಞೆ. ಅಡಿಗೆಯ ವೆಚ್ಚವನ್ನು ಯಾವ ಸಂದರ್ಭದಲ್ಲಿಯೂ ಮಕ್ಕಳಿಂದಾಗಲಿ ತಂದೆತಾಯಿಗಳಿಂದಾಗಲಿ ವಸೂಲುಮಾಡಕೂಡದೆಂದು ಅದರಲ್ಲಿ ಹೇಳಿದೆ. ಬರಪೀಡಿತ ಪ್ರದೇಶಗಳಲ್ಲಿ ಬೇಸಗೆಯ ರಜೆಯಲ್ಲಿಯೂ ಊಟ ಕೊಡಬೇಕೆಂದಿದೆ. ಅಡಿಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆಯಿರಬೇಕೆಂದಿದೆ. ೨೦೧೩ರ ರಾಷ್ಟ್ರೀಯ ಆಹಾರ ಭದ್ರತೆಯ ಕಾಯಿದೆಯು ಆರರಿಂದ ಹದಿನಾಲ್ಕು ವಯಸ್ಸಿನ ಮಕ್ಕಳ ಮಧ್ಯಾಹ್ನದ ಉಚಿತ ಊಟವನ್ನು ಹಕ್ಕೆಂದು ಬರೆಯಿತು. ಭಿಕ್ಷೆಯಲ್ಲಿ ಕುಲದ ಬಾಗಿಲಿತ್ತು, ವಾರಾನ್ನದಲ್ಲಿ ಮರ್ಜಿಯ ಬಾಗಿಲಿತ್ತು, ವಸತಿಗೃಹದಲ್ಲಿ ಬಾಕಿಯ ಬಾಗಿಲಿತ್ತು. ಈ ಮೂರನ್ನೂ ಒಂದೇ ಆಜ್ಞೆಯು ತೆಗೆದುಹಾಕಲು ಯತ್ನಿಸಿದೆ. ಆಪಸ್ತಂಬನು ಉದ್ದೇಶಿಸಿ ಹೇಳಿದ ಗೃಹಿಣಿಯ ಸ್ಥಾನದಲ್ಲಿ ಈಗ ಅಲ್ಪವಾದ ಗೌರವಧನಕ್ಕೆ ದುಡಿಯುವ ಅಡಿಗೆಯ ಹೆಂಗಸರಿದ್ದಾರೆ. ಅವರ ಕೈಯ ಅನ್ನವನ್ನು ಜಾತಿಯ ಕಾರಣದಿಂದ ತಮ್ಮ ಮಕ್ಕಳು ಉಣ್ಣಬಾರದೆಂದವರ ವರ್ತಮಾನಗಳು ನಾಡಿನ ಅಲ್ಲಲ್ಲಿ ಕೇಳಿಬಂದಿವೆ. ಹಳೆಯ ಬಾಗಿಲು ಒಳಗಡೆಯಿಂದ ಮುಚ್ಚಿಕೊಂಡಂತೆ ಇದು.

೮. ಉಳಿದ ಬಾಗಿಲು

ಹೀಗಿರುವಾಗ ಗೋಕಾವಿ, ಮೂಡಲಗಿ, ಹುಕ್ಕೇರಿಗಳಲ್ಲಿ ಹಣವಿಲ್ಲದೆ ಹಸಿದಿರುವ ಶಾಲೆಯ ಮಗುವಿಲ್ಲವೆಂದು ಹೇಳಬಹುದೆ? ಎರಡು ಬಾಗಿಲುಗಳು ಉಳಿದಿವೆ. ಮೊದಲನೆಯದು, ಕಾಯಿದೆಯ ಊಟವು ಅನುದಾನರಹಿತ ಖಾಸಗಿ ಶಾಲೆಗಳಿಗೆ ಸಲ್ಲುವುದಿಲ್ಲ. ಇಂಗ್ಲಿಷ್ ಮಾಧ್ಯಮದ ಆಸೆಯಿಂದಲೋ, ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯ ಶೇಕಡಾ ೨೫ ಸ್ಥಾನಗಳಲ್ಲಿಯೋ ಇಂಥ ಶಾಲೆಗಳನ್ನು ಸೇರಿದ ಬಡಮಕ್ಕಳು ಬುತ್ತಿಯನ್ನು ತರಬೇಕು, ಅಥವಾ ಹಣ ಕೊಟ್ಟು ಉಣ್ಣಬೇಕು. ಕೂಲಿಗೆ ಹೋಗುವ ತಾಯಿಯು ರೊಟ್ಟಿ ಬಡಿಯಲಾರದ ದಿನ ಆ ಮಗುವಿನ ಬುತ್ತಿಯಿಲ್ಲ. ಪಾಠಕ್ಕೆ ಶುಲ್ಕವಿಲ್ಲವೆಂದು ಬರೆದ ಕಾಯಿದೆಯು ಆ ಶಾಲೆಯೊಳಗಿನ ಹಸಿವೆಯನ್ನು ಕುರಿತು ಮೌನವಾಗಿದೆ. ಎರಡನೆಯದು, ಹಾಜರಿಯ ಪುಸ್ತಕದ ಬಾಗಿಲು. ಕಬ್ಬು ಕಡಿಯುವ ಕಾಲದಲ್ಲಿ ಈ ಸೀಮೆಯ ಸಕ್ಕರೆ ಕಾರಖಾನೆಗಳ ಸುತ್ತ ಪರಸ್ಥಳದಿಂದ ಕುಟುಂಬಗಳು ಬಂದು ಗುಡಿಸಲು ಹಾಕುತ್ತವೆ. ಅವರ ಮಕ್ಕಳ ಹೆಸರು ತಮ್ಮ ಊರಿನ ಶಾಲೆಯಲ್ಲಿರುತ್ತದೆ, ಮಕ್ಕಳು ಇಲ್ಲಿರುತ್ತವೆ. ಊಟವು ಹೆಸರಿದ್ದಲ್ಲಿ ಬೇಯುತ್ತದೆ. ಇಂಥ ಮಕ್ಕಳನ್ನು ಬಂದ ಊರಿನ ಶಾಲೆಯಲ್ಲಿಯೇ ಕೂಡಿಸಿಕೊಂಡು ಉಣಿಸಲು ಮುಖ್ಯೋಪಾಧ್ಯಾಯರು ಮನಸ್ಸುಮಾಡಿದರೆ ಅಡ್ಡಿಯಿರಕೂಡದು.

ಮೊದಲನೆಯ ಬಾಗಿಲಿಗೆ ಉಪಾಯವನ್ನು ಸಾಲೋಟಗಿಯ ಶಾಸನವೇ ಸೂಚಿಸುತ್ತದೆ. ಕಾಯಿದೆಯು ಬರುವವರೆಗೆ, ಊರಲ್ಲಿ ಮದುವೆ ಮುಂಜಿಗಳನ್ನು ಮಾಡುವವರು ಶಾಲೆಯ ಎಲೆಗಳಿಗೆ ಒಂದು ಪಾಲನ್ನು ತೆಗೆದಿಡುವ ಕಟ್ಟಳೆಯು ಸಾವಿರ ವರ್ಷಗಳ ಹಿಂದೆ ನಡೆದುದಾದರೆ ಈಗಲೂ ನಡೆಯಬಲ್ಲದು. ಕರದಂಟಿಗೆ ಹೆಸರಾದ ಗೋಕಾವಿಯಲ್ಲಿ ಸಿಹಿ ಹಂಚದ ಮದುವೆಯಿಲ್ಲ. ಆ ಪಾಲು ಮಠದ ಮೂಲಕವಾಗಲಿ, ಊರಿನ ಪಂಚಾಯತಿಯ ಮೂಲಕವಾಗಲಿ ಬರಲಿ. ಯಾವ ಮಗುವಿಗೆ ಯಾರ ಹಣವೆಂಬುದು ಮಾತ್ರ ಪಂಕ್ತಿಯಲ್ಲಿ ತಿಳಿಯಬಾರದು.

ಕೊನೆಗೆ ಸಂಶೋಧಕರಲ್ಲಿಯೂ ಉಪಾಧ್ಯಾಯರಲ್ಲಿಯೂ ಒಂದು ಪ್ರಾರ್ಥನೆ. ಮಠಗಳಲ್ಲಿರುವ ದಾಸೋಹದ ವಹಿಗಳು, ಹಳೆಯ ವಸತಿಗೃಹಗಳ ನಿಯಮಾವಳಿಗಳು, ಬಾಕಿಯ ಪಟ್ಟಿಗಳು, ವಾರಾನ್ನದಿಂದ ಓದಿದವರ ನೆನಪುಗಳು, ವಾರದ ಹುಡುಗರಿಗೆ ಬಡಿಸಿದ ತಾಯಂದಿರ ಮಾತುಗಳು ಇವೆಲ್ಲ ನಾಶವಾಗುವ ಮುನ್ನ ಸಂಗ್ರಹವಾಗಬೇಕು. ಶಿಲಾಶಾಸನಗಳಷ್ಟೇ ಇವೂ ಚರಿತ್ರೆಗೆ ಆಧಾರಗಳು. ಈ ಲೇಖನದಲ್ಲಿ ತಪ್ಪುಗಳಿದ್ದರೆ ಬಲ್ಲವರು ತಿದ್ದಬೇಕು. ಒಂದು ಮಾತನ್ನು ಮಾತ್ರ ಉಪಾಧ್ಯಾಯರಿಗೆ ಹೇಳಿ ಮುಗಿಸುತ್ತೇನೆ. ಮಧ್ಯಾಹ್ನದ ಪಾಠದಲ್ಲಿ ಒಬ್ಬ ಹುಡುಗನು ಬಲ್ಲ ಶಬ್ದದ ರೂಪವನ್ನು ಮರೆತು ನಿಂತರೆ, ಬೈಯುವುದಕ್ಕೆ ಮೊದಲು ಅವನು ಉಂಡಿರುವನೇ ಎಂದು ಕೇಳಬೇಕು.